ಜಿಗಿದು ಕೇಳಬೇಕಾದ ಮನೆ

ನನ್ನ ಗಂಡ ಡಾಕ್ಟರ್ ರಾಮಪ್ರಸಾದ್ ಸುಳ್ಳು ಹೇಳುವವರಲ್ಲ. ಆದರೆ ನಿಜವನ್ನು ಪೂರ್ತಿ ಹೇಳುವ ತಾಳ್ಮೆಯೂ ಅವರಿಗಿಲ್ಲ. ನಮ್ಮ ಮಗಳು ಇಂಚರಾ ಲಂಡನ್ನಿನ ಕಾಲೇಜೊಂದರಲ್ಲಿ ಓದುತ್ತಿದ್ದದ್ದು ಹಳೆಯ ಇಸ್ಲಾಮಿ ನ್ಯಾಯಶಾಸ್ತ್ರ. ಅನ್ಯಧರ್ಮದವರ ಜೊತೆ ಹೇಗೆ ಬಾಳಬೇಕು, ಅವರಿಗೆ ಯಾವ ಹಕ್ಕು ಕೊಡಬೇಕು, ಯಾವುದು ಕೊಡಬಾರದು ಎಂದು ಆ ಕಾಲದ ಪಂಡಿತರು ಬಡಿದಾಡಿಕೊಂಡದ್ದೇ ಅವಳ ಪ್ರಬಂಧದ ವಿಷಯ. ಇದನ್ನೆಲ್ಲ ನಾವಿರುವ ಇಲ್ಫರ್ಡಿನ ಕನ್ನಡದವರಿಗೆ ಯಾರು ಬಿಡಿಸಿ ಹೇಳುತ್ತಾರೆ? ಇವರು ಯುಗಾದಿ ಊಟದಲ್ಲಿ ಮುಂದಿನದು ಹಿಂದಿನದು ನುಂಗಿಕೊಂಡು, "ಮಗಳು ಲಾ ಓದ್ತಿದಾಳೆ" ಅಂದುಬಿಟ್ಟರು.

ಅಷ್ಟೇ ಸಾಕಾಯಿತು. ಮರುವಾರದಿಂದ ನಮ್ಮ ಮುಂಬಾಗಿಲಿಗೆ ಪಾರ್ಕಿಂಗ್ ದಂಡದ ಚೀಟಿಗಳು, ಬಾಡಿಗೆದಾರರ ತಕರಾರುಗಳು ಮೆರವಣಿಗೆ ಹೊರಟವು. ಇಂಚರಾ ಪಾಪ, "ಅಂಕಲ್, ನಾನ್ ಓದೋದು ಸಾವಿರ ವರ್ಷ ಹಳೇ ಲಾ" ಎಂದರೆ, "ಇರ್ಲಿ ಬಿಡಮ್ಮ, ಹಳೇದೇ ಗಟ್ಟಿ" ಎಂದು ಕೂತೇ ಬಿಡುವರು. ನಾನು ಕಾಫಿ ಸೋಸಿ ಸೋಸಿ ಸುಸ್ತಾದೆ.

ಹಾಗೆ ಬಂದವರಲ್ಲಿ ಅಡಿವೆಪ್ಪನವರೂ ಒಬ್ಬರು. ಅದು ತೊಂಬತ್ತೆಂಟರ ಬೇಸಿಗೆ, ಬೀದಿಯ ಕಿಟಕಿಗಳಲ್ಲೆಲ್ಲ ಫುಟ್‌ಬಾಲಿನ ಬಾವುಟಗಳು. ಅಡಿವೆಪ್ಪನವರದು ವಿಜಾಪುರದ ಕಡೆಯ ಲಿಂಗಾಯತ ಮನೆತನ. ನಮ್ಮಿಂದ ಎರಡು ಬೀದಿ ಆಚೆ ಸಾಲುಮನೆಯೊಂದರಲ್ಲಿ ವಾಸ. ಕೌನ್ಸಿಲ್ಲಿನ ಪಾರ್ಕುಗಳ ವಿಭಾಗದಲ್ಲಿ ಸೂಪರ್‌ವೈಸರ್. ಸಸಿ ನೆಟ್ಟು ಅದು ಮರವಾಗುವುದನ್ನು ಕಾಯುವ ಕೆಲಸ ಮಾಡಿ ಮಾಡಿ ಮಾತಿನಲ್ಲೂ ಅದೇ ಅಭ್ಯಾಸವಾಗಿತ್ತು. ಏನು ಕೇಳಿದರೂ ಮೊದಲು "ನೋಡೂಣ್ರಿ". ಅವರ ಮನೆಗೆ ಯಾರು ಬಂದರೂ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಊರಲ್ಲಿ ಮಳೆಯಾಯಿತೇ ಎಂಬ ವಿಚಾರಣೆ, ಕಟ್ಟಕಡೆಗೆ ಬಂದ ಕೆಲಸ. ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳಲು ಬಂದವನಿಗೂ ಈ ಪುಣ್ಯಾತ್ಮ ಚಹಾ ಕುಡಿಸಿಯೇ ಬೆಂಕಿ ಆರಿಸಲು ಹೋದಾರು ಎಂದು ನಮ್ಮವರು ಆಡಿಕೊಳ್ಳುತ್ತಿದ್ದರು.

ಹೆಂಡತಿ ನಾಗವ್ವ ತದ್ವಿರುದ್ಧ. ಕೈಯೂ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವತ್ತು ಮಾತ್ರ ಆಕೆ ನಮ್ಮ ಸೋಫಾದ ತುದಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಪ್ರಸಾದ ಮಿಲ್ಟನ್ ಕೀನ್ಸಿಗೆ ಹೊಂಟಾನ್ರಿ ಬಾಯಾರ" ಅಂದರು.

ಪ್ರಸಾದ ಅವರ ಮಗ. ಸೊಸೆ ಸಾನ್ವಿ ಬೆಂಗಳೂರಿನ ಹುಡುಗಿ, ಒಳ್ಳೆಯವಳೇ. ಮಗು ಧೃತಿಗೆ ಬೆಳಿಗ್ಗೆ ಒಂದು ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ನಾಗವ್ವನ ಅಡಿಗೆಮನೆಯಲ್ಲಿ ಮೊಟ್ಟೆ! ಅದರ ಮೇಲೆ ಶುರುವಾದ ಮಾತು ಪಾತ್ರೆಗೆ ಹೋಗಿ, ಪಾತ್ರೆಯಿಂದ ತವರುಮನೆಗೆ ಹೋಗಿ, ಕೊನೆಗೆ ಮಿಲ್ಟನ್ ಕೀನ್ಸಿಗೆ ಹೋಗಿ ನಿಂತಿತ್ತು.

"ಒಂದ ಒಲಿ ಮುಂದ ಇಬ್ರು ನಿಂದ್ರಾಕ ಆಗಂಗಿಲ್ರಿ, ಅದು ನನಗೂ ಗೊತ್ತೈತಿ. ಆದ್ರ ಕೂಸಿನ ಮಾರಿ ನೋಡಾಕ ರೈಲು ಹತ್ತಬೇಕಂದ್ರ ನಾ ಹೆಂಗ ಜೀವಾ ಹಿಡೀಲಿ?"

"ಬಾಜೂ ಮನಿ ಮಾರಾಕ ಹಚ್ಚ್ಯಾರ್ರಿ" ಅಂದರು ಅಡಿವೆಪ್ಪನವರು, ನಿಧಾನವಾಗಿ.

ನನಗೆ ಆಗ ಪೂರ್ತಿ ಅರ್ಥವಾಯಿತು. ಅತ್ತೆ ಸೊಸೆಯ ನಡುವೆ ಇರಬೇಕಾದ ದೂರವೆಂದರೆ ಒಂದು ಇಟ್ಟಿಗೆ ಗೋಡೆ. ಅದಕ್ಕಿಂತ ಕಮ್ಮಿಯಾದರೆ ಜಗಳ, ಜಾಸ್ತಿಯಾದರೆ ಕಣ್ಣೀರು. ಪಕ್ಕದ ಮನೆ ಪ್ರಸಾದನಿಗೆ ಸಿಕ್ಕಿದರೆ ನಾಗವ್ವ ಉಳಿದುಕೊಂಡರು. ಇಲ್ಲದಿದ್ದರೆ ಮೊಮ್ಮಗಳು ಹೋದಳು.

ಆ ಮನೆ ಮೌಲ್ವಿ ಸರ್ಮಸ್ತ್ ಹುಸೇನ್ ಸಾಹೇಬರದು. ಕಲಬುರಗಿಯವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು, ಈಗ ಲೆಸ್ಟರಿನ ಮಗಳ ಮನೆಗೆ ಹೊರಟಿದ್ದರು. ಶಾಸ್ತ್ರದ ಪುಸ್ತಕ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ. ಅವರ ಪೇರ್ ಮರದ ಕೊಂಬೆ ಅಡಿವೆಪ್ಪನವರ ಹಿತ್ತಿಲಿಗೆ ಬಾಗಿದಾಗ, ಉದುರಿದ ಹಣ್ಣು ಯಾರಿಗೆ ಸೇರಬೇಕೆಂದು ಪುಸ್ತಕ ನೋಡಿ ತೀರ್ಪು ಹೇಳುವ ಹೊತ್ತಿಗೆ ಹಣ್ಣೆಲ್ಲ ಕೊಳೆತಿತ್ತು.

"ಹೋಗಿ ಕೇಳೋದಲ್ವಾ ಅವರನ್ನ?" ಅಂದೆ ನಾನು.

"ಹೆಂಗ ಕೇಳೂದ್ರಿ?" ಅಂದರು ಅಡಿವೆಪ್ಪನವರು. "ಅವರು ಅವರ ಮಂದಿಗೇ ಕೊಡ್ತಾರ. ಲೇಟನ್ನಿನ ಬಟ್ಟಿ ಅಂಗಡಿಯವ್ರ ಜೋಡಿ ಮಾತು ನಡದೈತಂತ. ಅವರ ಮಸೀದಿಯವ್ರ ಅವರು. ಮಾತಿನ ನಡುವ ಹೋಗಿ ನಮಗ ಕೊಡ್ರಿ ಅಂದ್ರ ಕೊಟ್ಟ ಮಾತು ಮುರೀರಿ ಅಂದಂಗ ಆತಲ್ರಿ."

ಮನೆ ಮಾರಾಟಕ್ಕಿದೆ ಎಂಬ ಬೋರ್ಡು ನೆಟ್ಟದ್ದು ವಸಂತದಲ್ಲಿ. ಈ ಮನುಷ್ಯ ಬೇಸಿಗೆಯವರೆಗೆ "ನೋಡೂಣ್ರಿ" ಎಂದು ನೋಡುತ್ತ ಕೂತಿದ್ದರು. ನನಗೆ ಮೈ ಉರಿಯಿತು.

ಮೂಲೆಯಲ್ಲಿ ಕಾಲು ಮಡಚಿ ಕೂತಿದ್ದ ಇಂಚರಾ ತಲೆಯೆತ್ತಿ, "ಅಂಕಲ್, ಮೌಲ್ವಿ ಸಾಹೇಬರು ಹನಫಿನಾ?" ಎಂದಳು.

"ಹಂಗಂದ್ರ?"

"ಇಸ್ಲಾಮಿ ಲಾದಲ್ಲಿ ನಾಕು ಸ್ಕೂಲ್, ಅಂದ್ರೆ ನಾಕು ಪಂಥ ಇದೆ. ಕಲಬುರಗಿ ಅಂದ್ರೆ ಹನಫಿನೇ ಇರ್ಬೇಕು. ಭಟ್ಕಳದವರಾಗಿದ್ರೆ ಶಾಫಿ, ಕಥೆ ಮುಗೀತಿತ್ತು." ಅವಳ ಕಣ್ಣು ಹೊಳೆಯುತ್ತಿತ್ತು. ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದಾಗ ಅವಳಿಗೆ ಹಾಗಾಗುತ್ತದೆ.

ಅವಳು ಹೇಳಿದ್ದು ಇಷ್ಟು. ಹನಫಿ ಪಂಡಿತರ ಪ್ರಕಾರ ಮನೆ ಮಾರಾಟವಾದರೆ ಗೋಡೆಗೆ ಗೋಡೆ ಅಂಟಿದ ನೆರೆಯವನಿಗೆ ಮೊದಲ ಹಕ್ಕು. ಅದಕ್ಕೆ ಶುಫಾ ಎಂದು ಹೆಸರು. ಶಾಫಿಗಳಲ್ಲಿ ನೆರೆಯವನಿಗೆ ಈ ಹಕ್ಕಿಲ್ಲ. ಬೇರೆಯವರಿಗೆ ಮಾರಿದ್ದರೂ ಸರಿ, ಅದೇ ಬೆಲೆ ಕೊಟ್ಟು ನೆರೆಯವನು ಬಿಡಿಸಿಕೊಳ್ಳಬಹುದು. ಮಾರಿದವನು ಮಾತಿಗೆ ತಪ್ಪಿದಂತಾಗುವುದಿಲ್ಲ. ಕಾನೂನೇ ಕೊಂಡವನ ಕೈಯಿಂದ ತೆಗೆದು ನೆರೆಯವನಿಗೆ ಕೊಡುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

"ಆದ್ರ ನಾವು ಮುಸಲ್ಮಾನ್ರ ಅಲ್ಲ ನೋಡವಾ!" ಅಂದರು ನಾಗವ್ವ.

"ಅದೇ ಆಂಟಿ ಮಜಾ! ಕೆಲವರು, ಮುಸ್ಲಿಮನ ಎದುರು ಬೇರೆ ಧರ್ಮದವನಿಗೆ ಈ ಹಕ್ಕಿಲ್ಲ ಅಂದ್ರು. ಹನಫಿಗಳು ಇಬ್ಬರೂ ಸಮ ಅಂದ್ರು. ನೆರೆಯವನ ಕಷ್ಟ ಎಲ್ಲರಿಗೂ ಒಂದೇ ಅಂತ."

"ಅಂದ್ರೆ ಎಲ್ಲದರಲ್ಲೂ ಸಮ ಅಂತಿದ್ರಾ?" ನಮ್ಮವರು ಕನ್ನಡಕ ಸರಿಮಾಡಿಕೊಂಡರು.

"ಎಲ್ಲದರಲ್ಲೂ ಎಲ್ಲಪ್ಪಾ? ಬೇರೆ ಧರ್ಮದವರು ತಲೆಗಂದಾಯ ಕೊಡ್ಬೇಕಿತ್ತು. ಕೆಲವರು ಬಟ್ಟೆ ಬೇರೆ ಥರ ಇರ್ಬೇಕು ಅಂದ್ರು. ಅವರ ಮನೆ ಮುಸ್ಲಿಮ್ ನೆರೆಯವನ ಮನೆಗಿಂತ ಎತ್ತರ ಇರಬಾರದು ಅಂತಾನೂ ಬರೆದಿದಾರೆ."

ಅಡಿವೆಪ್ಪನವರ ಕೈ ತಲೆಗೆ ಹೋಯಿತು. ನಾಲ್ಕು ವರ್ಷದ ಕೆಳಗೆ ಅವರು ಮಾಳಿಗೆಯ ಮೇಲೆ ಲಾಫ್ಟ್ ಎಂಬ ಕೋಣೆ ಕಟ್ಟಿಸಿದ್ದರು. ಇಡೀ ಬೀದಿಯಲ್ಲಿ ಮೌಲ್ವಿ ಸಾಹೇಬರ ಮನೆಗಿಂತ ಎತ್ತರದ ಮನೆ ಅದೊಂದೇ.

"ಲಾಫ್ಟ್ ಬಗ್ಗೆ ನಾವಾಗಿ ಬಾಯಿ ಬಿಡೋದು ಬೇಡ" ಎಂದಳು ನಮ್ಮ ವಕೀಲೆ. "ಕಷ್ಟ ಇರೋದು ಬೇರೆ ಕಡೆ. ಮಾರಾಟ ಆಯ್ತು ಅಂತ ಕಿವಿಗೆ ಬಿದ್ದ ತಕ್ಷಣ ಎದ್ದು, ಆ ಮನೆ ನನಗೆ ಬೇಕು ಅಂತ ಕೇಳಿಬಿಡ್ಬೇಕು. ಅದಕ್ಕೆ ಜಿಗಿಯೋ ಬೇಡಿಕೆ ಅಂತಾನೇ ಹೆಸರು. ಸ್ವಲ್ಪ ತಡ ಮಾಡಿದ್ರೂ ಹಕ್ಕು ಹೋಯ್ತು."

ಕೋಣೆಯಲ್ಲಿ ಎಲ್ಲರೂ ಅಡಿವೆಪ್ಪನವರನ್ನು ನೋಡಿದೆವು. ಜೀವಮಾನದಲ್ಲಿ ಒಮ್ಮೆಯೂ ತಕ್ಷಣ ಉತ್ತರ ಕೊಡದ ಮನುಷ್ಯ.

"ನೋಡೂಣ್ರಿ" ಅಂದರು ಅವರು.

ಮಗ ಪ್ರಸಾದ ಫೋನಿನಲ್ಲಿ, ಇದೆಲ್ಲ ಇಂಗ್ಲೆಂಡಿನ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದ. ನಡೆಯಬೇಕಾದದ್ದು ಕೋರ್ಟಿನಲ್ಲಲ್ಲ, ಮೌಲ್ವಿ ಸಾಹೇಬರ ಮನಸ್ಸಿನಲ್ಲಿ ಎಂದು ಇಂಚರಾ ವಾದಿಸಿದಳು. ಕೊನೆಗೆ ಪ್ರಸಾದ, ಮನೆ ಸಿಕ್ಕರೆ ಬ್ಯಾಂಕಿನ ಓಡಾಟ ನನಗೆ ಬಿಡಿ, ಸಿಗದಿದ್ದರೆ ಆಗಸ್ಟಿನಲ್ಲಿ ಮಿಲ್ಟನ್ ಕೀನ್ಸ್, ಎಂದು ಫೋನಿಟ್ಟ.

ಅಲ್ಲಿಂದ ತಾಲೀಮು ಶುರು. ನಮ್ಮವರು ಮೌಲ್ವಿಯ ಪಾತ್ರ. ಅಡಿವೆಪ್ಪನವರ ಮುಂದಿನ ಕೋಣೆಯಲ್ಲಿ ಗಡ್ಡ ನೀವಿಕೊಳ್ಳುವಂತೆ ನಟಿಸಿ, "ಮನೆ ಮಾರಾಟ ಆಯ್ತು" ಅನ್ನುವರು.

"ಹೌದೇನ್ರಿ? ಛಲೋ ಆತು ಬಿಡ್ರಿ."

"ಅಂಕಲ್! ಒಳ್ಳೇದಾಯ್ತು ಅಂದ್ರೆ ಒಪ್ಪಿಕೊಂಡ ಹಾಗೆ. ಮತ್ತೆ."

"ಮನೆ ಮಾರಾಟ ಆಯ್ತು."

"ಯಾವಾಗ ಹೋಗ್ತೀರಿ ಲೆಸ್ಟರಿಗೆ? ಅಲ್ಲಿ ಥಂಡಿ ಹೆಂಗರಿ?"

ಇಂಚರಾ ಹಣೆ ಚಚ್ಚಿಕೊಂಡಳು. ಜಿಗಿಯುವುದು ಹೆಸರಿಗಷ್ಟೇ, ಬಾಯಲ್ಲಿ ಹೇಳಿದರೆ ಸಾಕು ಎಂದು ಅವಳು ಎಷ್ಟು ಹೇಳಿದರೂ ಅಡಿವೆಪ್ಪನವರು ಕೇಳಲಿಲ್ಲ. ಶಾಸ್ತ್ರವೆಂದ ಮೇಲೆ ಪೂರ್ತಿ ಆಗಬೇಕು ಎಂದು ಕುರ್ಚಿಯಿಂದ ಏಳುವ ಅಭ್ಯಾಸಕ್ಕೆ ಮಂಡಿಗೆ ನೋವಿನೆಣ್ಣೆ ಸವರಿಕೊಂಡರು. ನಾಗವ್ವ ಅಡಿಗೆಮನೆಯ ಬಾಗಿಲಿಗೊರಗಿ ನೋಡಿ ನೋಡಿ, "ಎಮ್ಮಿ ಎಬ್ಬಿಸಿದಂಗ ಆತು" ಎಂದು ಒಳಗೆ ಹೋಗುವರು.

ಇನ್ನೊಂದು ಸಂಕಟ. ಸುದ್ದಿ ಮೌಲ್ವಿಯವರ ಬಾಯಿಂದಲೇ, ಸಾಕ್ಷಿಗಳ ಎದುರಿಗೇ ಕಿವಿಗೆ ಬೀಳಬೇಕು. ಬೇರೆಲ್ಲೋ ತಿಳಿದು ಇವರು ಸುಮ್ಮನಿದ್ದರೆ ಕೆಟ್ಟಿತು. ಏಜೆಂಟರ ಬೋರ್ಡು ‘ಮಾರಾಟವಾಗಿದೆ’ ಎಂದು ಬದಲಾದದ್ದು ಕಣ್ಣಿಗೆ ಬೀಳಬಾರದೆಂದು ಅಡಿವೆಪ್ಪನವರು ಹಿತ್ತಿಲ ಬಾಗಿಲಿಂದ ಓಡಾಡತೊಡಗಿದರು. ಮುಂಬದಿಗೆ ಹೋಗಲೇಬೇಕಾದರೆ ನೆಲ ನೋಡಿಕೊಂಡು ನಡೆದರು. ಅವರ ಎದುರುಮನೆಯ ಇಂಗ್ಲಿಷ್ ಮುದುಕಿ ನನ್ನನ್ನು ತಡೆದು, ಪಾಪ, ಆ ಮನುಷ್ಯನ ಕೆಲಸ ಹೋಯಿತೇ ಎಂದು ಕೇಳಿದಳು.

ಒಂದು ಭಾನುವಾರ ಬೆಳಿಗ್ಗೆ ಮೌಲ್ವಿ ಸಾಹೇಬರೇ ಫೋನು ಮಾಡಿ, ಸಂಜೆ ಬರುತ್ತೇನೆ, ಒಂದು ಮಾತಿದೆ ಅಂದರು. ನಾಗವ್ವ ನನಗೆ ಫೋನು ಮಾಡಿದರು. ನಾವು ಮೂವರೂ ಆಗಷ್ಟೇ ಆ ಕಡೆ ಹಾದುಹೋಗುತ್ತಿದ್ದವರ ಹಾಗೆ, ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಕೂತೆವು.

ಮೌಲ್ವಿ ಸಾಹೇಬರು ಬಿಳಿ ಗಡ್ಡ ಬಾಚಿಕೊಂಡು, ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು ಬಂದರು. ಅಂಗಡಿಯ ದಾರ ಬಿಚ್ಚದ ಡಬ್ಬಿಯೇ. ಏಕೆಂದರೆ ಅವರಿಗೆ ನಾಗವ್ವನ ಕಟ್ಟುಪಾಡು ಗೊತ್ತು. ಮೌಲ್ವಿಯವರ ಮನೆಯಿಂದ ಸಿಪ್ಪೆಯಿರುವ ಹಣ್ಣು ನಡೆಯುತ್ತದೆ, ಮುಚ್ಚಿದ ಡಬ್ಬಿ ನಡೆಯುತ್ತದೆ. ಮಾಂಸ ಬೇಯುವ ಮನೆಯ ನೀರು ನಡೆಯುವುದಿಲ್ಲ, ಹೊಸ್ತಿಲು ದಾಟುವುದಂತೂ ಇಲ್ಲವೇ ಇಲ್ಲ. ನಾಗವ್ವ ಕಳಿಸಿದ ಶೇಂಗಾ ಹೋಳಿಗೆಯನ್ನು ಮಾತ್ರ ಮೌಲ್ವಿಯವರು ವರ್ಷವರ್ಷವೂ ಚಪ್ಪರಿಸಿ ತಿಂದವರು. ಕೊಡುವ ಕೈಗೆ ಯಾವ ಮೈಲಿಗೆಯೂ ಇಲ್ಲ, ತೆಗೆದುಕೊಳ್ಳುವ ಕೈಗೆ ಮಾತ್ರ.

ನಾಗವ್ವ ಒಳಗೆ ಮಿರ್ಚಿ ಭಜಿ ಕರಿಯುತ್ತಿದ್ದರು. ಎಕ್ಸಾಸ್ಟ್ ಫ್ಯಾನಿನ ಸದ್ದು ವಿಮಾನ ಹಾರಿದ ಹಾಗಿತ್ತು.

ಮೌಲ್ವಿ ಸಾಹೇಬರು ಡಬ್ಬಿಯನ್ನು ಅಡಿವೆಪ್ಪನವರ ಕೈಗಿತ್ತು ಕೂತು, ಉಸಿರು ಬಿಟ್ಟು, "ಅಡಿವೆಪ್ಪನವರ, ನಮ್ಮ ಮನಿ ಮಾರಾಟ ಆಯ್ತು. ನಿನ್ನೆ ಮಸೀದ್ಯಾಗ ಕೈಮ್ಯಾಲ ಕೈ ಇಟ್ಟು ಮಾತು ಮುಗಿಸ್ದೆ. ಇಂಗ್ಲೆಂಡಿನ ಕಾಗದ ಪತ್ರ ಆಮ್ಯಾಲ. ನಮಗ ಮಾತೇ ಮಾರಾಟ" ಅಂದರು.

"ಶಿವ ಶಿವಾ!" ಅಂದರು ಅಡಿವೆಪ್ಪನವರು.

ಇಂಚರಾ ನನ್ನ ಕೈ ಹಿಂಡಿದಳು.

"ಯಾರು ತಗೊಂಡ್ರಿ?"

"ಲೇಟನ್ನಿನ ಬಟ್ಟಿ ಅಂಗಡಿಯವ್ರು."

"ಎಷ್ಟಕ್ಕ ಆತ್ರಿ?"

ಮೌಲ್ವಿಯವರು ಬೆಲೆ ಹೇಳಿದರು. ಅಡಿವೆಪ್ಪನವರು ಎರಡೂ ಕೈಯನ್ನು ಕುರ್ಚಿಯ ಹಿಡಿಕೆಯ ಮೇಲೆ ಊರಿದರು. ಮಂಡಿ ಮೇಲಕ್ಕೆ ಬಂತು. ಬಂತು, ಈಗ ಬಂತು ಎಂದು ನಾನು ಉಸಿರು ಬಿಗಿಹಿಡಿದೆ. ಆಗ ಅವರ ಕಣ್ಣು ಮೌಲ್ವಿಯವರ ಖಾಲಿ ಕೈಯ ಮೇಲೆ ಬಿತ್ತು. ಮನೆಗೆ ಬಂದವರ ಕೈ ಖಾಲಿ!

"ಮೊದಲ ಚಾ ಕುಡೀರಿ, ಆಮ್ಯಾಲ ಮಾತಾಡೂಣು. ಏ ಇವಳ, ಚಾ ತಗೊಂಡ್ ಬಾ!"

ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಆ ಮನುಷ್ಯನಿಗೆ ತಿಳಿಯಿತು. ಬಿಳಿಚಿಕೊಂಡು ಜಿಗಿದರು. ನಿಜಕ್ಕೂ ಜಿಗಿದರು. ತೊಡೆಯ ಮೇಲಿದ್ದ ಪೇಡೆಯ ಡಬ್ಬಿ ನೆಲಕ್ಕೆ ಬಿತ್ತು.

"ಆ ಮನಿ ನನಗ ಬೇಕು!"

ಮೌಲ್ವಿ ಸಾಹೇಬರು ಬೆಚ್ಚಿ ಹಿಂದಕ್ಕೆ ಒರಗಿದರು. ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು. ಪರಊರಿನ ಬಸ್ ಸ್ಟ್ಯಾಂಡಿನಲ್ಲಿ ತಮ್ಮೂರಿನವನು ಸಿಕ್ಕಾಗ ಅರಳುವ ಮುಖ ಅದು.

"ಅರೆ! ಶುಫಾ? ನೀವು ಶುಫಾ ಕೇಳ್ಲತ್ತೀರಿ? ಈ ದೇಶಕ್ಕ ಬಂದು ಇಷ್ಟು ವರ್ಷ ಆಯ್ತು, ಒಬ್ಬ ಮುಸಲ್ಮಾನ ಸುದ್ದಾ ನನ್ನ ಮುಂದ ಈ ಶಬ್ದ ಅಂದಿಲ್ಲ. ಯಾರು ಕಲಿಸಿಕೊಟ್ರು?"

ಇಂಚರಾ ಕೈಯೆತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ.

"ಆದರೆ ಮೊದಲ ಮಾತಿಗೇ ತಡ ಆಯ್ತಲ್ಲ" ಎಂದರು ನಮ್ಮವರು, ಯಾವ ಕಡೆಯ ವಕೀಲರೋ ತಿಳಿಯದವರ ಹಾಗೆ. "ಶಿವ ಶಿವಾ ಅಂದುಬಿಟ್ರು ಇವರು."

"ಅಪ್ಪಾ! ಸುದ್ದಿ ಕೇಳಿದವನು ಮೊದಲು ದೇವರನ್ನ ಹೊಗಳಿದ್ರೆ ಹಕ್ಕು ಹೋಗಲ್ಲ ಅಂತಿದೆ. ಯಾರು ತಗೊಂಡ್ರು, ಎಷ್ಟಕ್ಕೆ ಅಂತ ಕೇಳಿದ್ರೂ ಹೋಗಲ್ಲ. ಅಲ್ವಾ ಮೌಲ್ವಿ ಸಾಬ್?"

"ಬರೋಬ್ಬರಿ. ಅಲ್‌ಹಮ್ದುಲಿಲ್ಲಾ ಅಂದ್ರ ಹೋಗಂಗಿಲ್ಲ, ಸುಬ್ಹಾನಲ್ಲಾ ಅಂದ್ರ ಹೋಗಂಗಿಲ್ಲ."

"ಶಿವ ಶಿವಾ ಅಂದ್ರೆ?"

ಮೌಲ್ವಿ ಸಾಹೇಬರು ಗಡ್ಡವನ್ನು ಬುಡದಿಂದ ತುದಿಯವರೆಗೆ ನೀವಿದರು. ಒಳಗೆ ಫ್ಯಾನು ಮೊರೆಯುತ್ತಲೇ ಇತ್ತು. ಅಡಿವೆಪ್ಪನವರು ಇನ್ನೂ ನಿಂತೇ ಇದ್ದರು.

"ಪುಸ್ತಕ ಬರದವರು ವಿಜಾಪುರಕ್ಕ ಬಂದಿದ್ದಿಲ್ಲ. ನಾನರೆ ಹಂಗ ಅಂದ್ರ ನನಗ ತಪ್ಪು. ಆದ್ರ ನಮ್ಮ ದೊಡ್ಡವರ ಮಾತೊಂದದ. ಬ್ಯಾರೆ ಧರ್ಮದವರನ್ನ ಅವರ ನಂಬಿಕಿಗೆ ಬಿಡ್ರಿ ಅಂತ. ಇವರ ನಂಬಿಕಿಯೊಳಗ ಅದು ದೇವರ ಹೊಗಳಿಕಿ. ಗಾಬರಿ ಆದಾಗ ಮನುಷ್ಯ ಯಾರನ್ನ ಕರೀಬೇಕೋ ಅವರನ್ನೇ ಕರದಾರ." ಬೆರಳೆತ್ತಿದರು. "ಶಿವ ಶಿವಾ ಮಾಫ್!"

ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

"ಆದ್ರ," ಅಂದರು ಅವರು, ದನಿ ಇಳಿಯಿತು, "ಚಾ!"

"ಚಾ ಏನ್ರಿ?" ಅಂದರು ಅಡಿವೆಪ್ಪನವರು.

"ಚಾ ದೇವರ ಹೊಗಳಿಕಿ ಅಲ್ಲ, ಮಾರಾಟದ ವಿಚಾರಣೆನೂ ಅಲ್ಲ. ಬ್ಯಾರೆ ಮಾತಿಗೆ ತಿರುಗಿದ್ರಿ. ಹಕ್ಕು ಹೋಯ್ತು."

"ಕೂತವರು ಎದ್ದು ಹೋಗೋ ತನಕ ಕೇಳಬಹುದು ಅಂತ ಇನ್ನೊಂದು ಅಭಿಪ್ರಾಯ ಇದೆ!" ಇಂಚರಾ ಎದ್ದು ನಿಂತಳು.

"ಅದ ಬೇಟೀ, ಗೊತ್ತದ. ನಾ ಆ ಮಾತು ಹಿಡದವ ಅಲ್ಲ. ಇವತ್ತು ನನಗ ಬೇಕಾದವರಿಗಾಗಿ ಅದನ್ನ ಹಿಡದ್ರ, ನಾಳೆ ಲೇಟನ್ನಿನವರ ಮುಂದ ಯಾವ ಮಾರಿ ತೋರಿಸಲಿ?"

ಅಡಿವೆಪ್ಪನವರು ಕುರ್ಚಿಗೆ ಕುಸಿದರು. ಅವರನ್ನು ಬೈಯಬೇಕೆಂದು ಬಂದ ನನ್ನ ಬಾಯಿ ಅಲ್ಲೇ ಕಟ್ಟಿತು. ಆ ಮನುಷ್ಯ ಅಳುತ್ತಿದ್ದರು, ಸದ್ದಿಲ್ಲದೆ, ಪಂಚೆಯ ಅಂಚಿನಿಂದ ಮೂಗೊರೆಸಿಕೊಂಡು. "ಕೂಸು ಹೋತು" ಅಂದರು. ಮೌಲ್ವಿ ಸಾಹೇಬರು ಕೇಳಿದ್ದಕ್ಕೆ ಮೊಟ್ಟೆಯಿಂದ ಮಿಲ್ಟನ್ ಕೀನ್ಸಿನವರೆಗೆ ನಾನೇ ಹೇಳಿದೆ.

"ಇಷ್ಟೆಲ್ಲ ಇದ್ದದ್ದು ನನಗೊಂದು ಮಾತು ಕೇಳ್ಲಿಲ್ಲ ಯಾಕ್ರಿ?" ಮೌಲ್ವಿಯವರ ದನಿಯಲ್ಲಿ ಸಿಟ್ಟಿತ್ತು.

"ನೀವು ನಿಮ್ಮ ಮಂದಿಗೇ ಕೊಡ್ತೀರಿ ಅಂದ್ಕೊಂಡ್ನಿರಿ. ನೀವರೆ ಯಾಕ ಹೇಳ್ಲಿಲ್ರಿ?"

"ನಾವು ಮಾಂಸ ಬೇಯಿಸಿದ ಮನಿ. ಅಕ್ಕಾವ್ರು ನಮ್ಮ ಮನಿ ನೀರು ಮುಟ್ಟಂಗಿಲ್ಲ. ಅಂಥಾವರಿಗೆ ಮನಿ ತಗೋರಿ ಅಂತ ಹೆಂಗ ಹೇಳ್ಲಿ? ಅವಮಾನ ಮಾಡಿದಂಗ ಆಗ್ತದ ಅಂತ ಬಿಟ್ಟೆ."

ಇಬ್ಬರೂ ಒಬ್ಬರ ಧರ್ಮಕ್ಕೆ ಒಬ್ಬರು ಅಷ್ಟು ಗೌರವ ಕೊಟ್ಟು, ಸೇರಿ ಮನೆ ಕಳೆದಿದ್ದರು. ನನಗೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಡಿಕ್ಕಿ ಹೊಡೆಸಬೇಕೆನಿಸಿತು.

ಮೌಲ್ವಿ ಸಾಹೇಬರು ಬಗ್ಗಿ ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ ಪೇಡೆಯ ಡಬ್ಬಿ ಎತ್ತಿಟ್ಟರು. ಆಮೇಲೆ ಫಕ್ಕನೆ ತಲೆಯೆತ್ತಿದರು.

"ಅಡಿವೆಪ್ಪನವರ, ಈ ಮನಿ ಯಾರ ಹೆಸರಿನ್ಯಾಗ ಅದ?"

"ಇಬ್ರ ಹೆಸರಿಲೆ ಐತ್ರಿ. ಆಕಿದೂ ನಂದೂ."

"ಅಕ್ಕಾವ್ರಿಗೆ ಸುದ್ದಿ ಗೊತ್ತದ?"

ಎಲ್ಲರೂ ಅಡಿಗೆಮನೆಯ ಕಡೆ ನೋಡಿದೆವು. ಫ್ಯಾನು ಮೊರೆಯುತ್ತಿತ್ತು. ಚಹಾ ತರಲು ಕೂಗಿದ್ದೂ ಆಕೆಗೆ ಕೇಳಿರಲಿಲ್ಲ. ಇಂಚರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೆಂಗಸಿನ ಹಕ್ಕೂ ಗಂಡಸಿನಷ್ಟೇ ಎಂದು ಆಮೇಲೆ ದಾರಿಯಲ್ಲಿ ನನಗೆ ಬಿಡಿಸಿ ಹೇಳಿದಳು.

"ಯಾರೂ ಬಾಯಿ ಬಿಡಬ್ಯಾಡ್ರಿ" ಅಂದರು ಮೌಲ್ವಿ ಸಾಹೇಬರು. "ಡಾಕ್ಟರ, ಕಣ್ಣಸನ್ನಿನೂ ಬ್ಯಾಡ."

ಫ್ಯಾನು ನಿಂತಿತು. ನಾಗವ್ವ ಸೊಂಟದ ಮಟ್ಟಕ್ಕೆ ದೊಡ್ಡ ತಾಟು ಹಿಡಿದು ಬಂದರು. ಭಜಿ, ಚಹಾದ ಕಪ್ಪುಗಳು. ಎಲ್ಲರ ಮುಖ ನೋಡಿ ಅಲ್ಲೇ ನಿಂತರು. ಮೌಲ್ವಿ ಸಾಹೇಬರು ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, ಹೊಸದಾಗಿ ಹೇಳುವವರ ಹಾಗೆ ಹೇಳಿದರು.

"ಅಕ್ಕಾವ್ರ, ನಮ್ಮ ಮನಿ ಮಾರಾಟ ಆಯ್ತು."

ಆಕೆಗೆ ನಾವು ಯಾರೂ ತಾಲೀಮು ಕೊಟ್ಟಿರಲಿಲ್ಲ. ತಾಯಿ ಚಾಮುಂಡಿ, ಈ ಹೆಂಗಸಿನ ಬಾಯಲ್ಲಿ ಚಹಾ ಅಂತ ಮಾತ್ರ ಬಾರದಿರಲಿ ಎಂದು ನಾನು ಕಣ್ಣು ಮುಚ್ಚಿದೆ.

ತಾಟು ಹಾರಿದ ಸದ್ದಿಗೆ ಕಣ್ಣು ಬಿಟ್ಟೆ. ನಾಗವ್ವ ನೆಲದ ಮೇಲಿರಲಿಲ್ಲ.

"ನನಗ ಬೇಕು! ಆ ಮನಿ ನನಗ ಬೇಕ್ರಿ! ಬಾಯಾರ, ಡಾಕ್ಟರ, ನೀವೆಲ್ಲಾ ಸಾಕ್ಷಿ!"

ಹೊಸ ಕಾರ್ಪೆಟ್ಟಿನ ಮೇಲೆ ಚಹಾ ಹೊಳೆಯಾಗಿ ಹರಿಯಿತು. ಒಂದು ಭಜಿ ನಮ್ಮವರ ತೊಡೆಯ ಮೇಲೆ ಬಂದು ಬಿತ್ತು. ಅವರು ಯಾರಿಗೂ ಕಾಣದ ಹಾಗೆ ತಿಂದರು. ಅಡಿಗೆಮನೆಯ ಬಾಗಿಲಿಗೊರಗಿ ಎಮ್ಮೆಗೆ ಹೋಲಿಸುತ್ತಿದ್ದ ಹೆಂಗಸು ಪಾಠವನ್ನು ಗಂಡನಿಗಿಂತ ಚೆನ್ನಾಗಿ ಕಲಿತಿದ್ದರು.

"ಪಕ್ಕಾ!" ಎಂದು ಮೌಲ್ವಿ ಸಾಹೇಬರು ಕೂಗಿದರು. "ಒಂದು ಉಸಿರಿನ ತಡ ಇಲ್ಲ. ಲೇಟನ್ನಿನವರಿಗೆ ನಾ ಹೇಳ್ತೀನಿ. ಅವರೂ ಹನಫಿನೇ. ಒಂದೆರಡು ಶುಕ್ರವಾರ ಮಾರಿ ಗಂಟ್ ಹಾಕ್ಕೋತಾರ, ಆಮ್ಯಾಲ ಸುಮ್ಮನಾಗ್ತಾರ."

"ಮೌಲ್ವಿ ಸಾಹೇಬ್ರ, ಮತ್ತ ನಮ್ಮ ಲಾಫ್ಟು..." ಅಂದರು ಅಡಿವೆಪ್ಪನವರು. ಇಂಚರಾ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಳು. ಅವರ ಸ್ವಭಾವಕ್ಕೆ ಸಂತೋಷವೂ ತಡವಾಗಿಯೇ ಬರಬೇಕು.

"ಅದು ನಮ್ಮ ಮನಿಗಿಂತ ಎತ್ತರ ಅದ, ಗೊತ್ತದ. ಅವತ್ತೇ ಪುಸ್ತಕ ತಗದಿದ್ದೆ. ಕೌನ್ಸಿಲಿನವರು ಪರ್ಮಿಶನ್ ಕೊಟ್ಟಾರಂತ ಮುಚ್ಚಿಟ್ಟೆ."

ಇನ್ನೊಂದು ಶಾಸ್ತ್ರ ಬಾಕಿಯಿತ್ತು. ಅದೇ ಬೇಡಿಕೆಯನ್ನು ಸಾಕ್ಷಿಗಳ ಎದುರು ಆ ಮನೆಯ ಹತ್ತಿರ ಇನ್ನೊಮ್ಮೆ ಹೇಳಬೇಕು. ನಾವೆಲ್ಲ ಸಾಲಾಗಿ ಹೊರಟೆವು. ಮೌಲ್ವಿಯವರ ಬಾಗಿಲ ಮುಂದೆ ನಾಗವ್ವ ಗಕ್ಕನೆ ನಿಂತರು. ಹೊಸ್ತಿಲು ನೋಡಿದರು, ಮೌಲ್ವಿಯವರನ್ನು ನೋಡಿದರು.

"ಹೊರಗ ನಿಂತು ಅಂದ್ರೂ ನಡೀತದ ಅಕ್ಕಾವ್ರ" ಅಂದರು ಅವರು, ಮೆಲ್ಲಗೆ.

ನಾಗವ್ವ ಹೊರಗೇ ನಿಂತು ಅಂದರು. ಅಂದು ಮುಗಿಸಿದ ಮೇಲೆ ಆಕೆಯ ಮುಖ ಚಿಕ್ಕದಾಗಿತ್ತು. ಎದುರುಮನೆಯ ಮುದುಕಿ ಪರದೆ ಸರಿಸಿ ನಮ್ಮೆಲ್ಲರನ್ನೂ ನೋಡುತ್ತಿದ್ದಳು.

ಬೀಗದಕೈ ಕೊಡುವ ದಿನ ನಾನೂ ಹೋಗಿದ್ದೆ. ಶರತ್ಕಾಲ ಶುರುವಾಗಿ ಪೇರ್ ಹಣ್ಣು ಎರಡೂ ಹಿತ್ತಿಲಿಗೆ ಉದುರುತ್ತಿತ್ತು. ಸಾನ್ವಿ ಆಗಲೇ ಗೋಡೆಗಳಿಗೆ ಬಣ್ಣ ಆರಿಸುತ್ತಿದ್ದಳು. ಆ ಅಡಿಗೆಮನೆಯಲ್ಲಿ ಮೊಟ್ಟೆ ಬೇಯಿಸಿದರೆ ಯಾವ ಗೋಡೆಯೂ ದೂರು ಹೇಳುವುದಿಲ್ಲ. ಲೆಸ್ಟರಿನ ಅಳಿಯ ಪುಸ್ತಕದ ಪೆಟ್ಟಿಗೆಗಳನ್ನು ವ್ಯಾನಿಗೆ ಹೊತ್ತು ಹಾಕಿ ಬೆನ್ನು ಹಿಡಿದುಕೊಂಡು ನಿಂತಿದ್ದ.

ಮೌಲ್ವಿ ಸಾಹೇಬರು ಬೀಗದಕೈಯನ್ನು ನಾಗವ್ವನ ಕೈಗೇ ಕೊಟ್ಟರು, ಅಡಿವೆಪ್ಪನವರಿಗಲ್ಲ. ನಾಗವ್ವ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟರು. ಖಾಲಿ ಕೋಣೆಗಳನ್ನೆಲ್ಲ ಸುತ್ತಿ ಅಡಿಗೆಮನೆಗೆ ಬಂದು, "ಮೌಲ್ವಿ ಸಾಹೇಬ್ರ, ಒಂದೀಟು ನೀರು ಕೊಡ್ರಿ" ಅಂದರು.

ಮೌಲ್ವಿಯವರ ಕಣ್ಣಲ್ಲಿ ತುಂಟತನ ಬಂತು. "ನಳ ಈಗ ನಿಮ್ದೇ ಅಕ್ಕಾವ್ರ. ನೀವೇ ಹಿಡ್ಕೊಂಡು ಕುಡೀರಿ. ನಿಮ್ಮ ಮನಿ ನೀರು, ಏನೂ ಅಡ್ಡಿಯಿಲ್ಲ."

"ನಳಕ್ಕ ಕೇಳಲಿಲ್ರಿ ನಾ. ನಿಮಗ ಕೇಳೀನಿ."

ಅವರು ಸುತ್ತ ಕಣ್ಣಾಡಿಸಿದರು. ಪಾತ್ರೆಗಳೆಲ್ಲ ವ್ಯಾನು ಸೇರಿದ್ದವು. ಕಿಟಕಿಯ ಕಟ್ಟೆಯ ಮೇಲೆ ಒಂದೇ ಗ್ಲಾಸು, ಅದರಲ್ಲಿ ಅವರೇ ಕುಡಿದು ಬಿಟ್ಟ ಅರ್ಧ ನೀರು.

"ಇದೊಂದೇ ಉಳದದ. ನಾ ಕುಡದದ್ದು. ತೊಳದು ಕೊಡ್ತೀನಿ" ಎಂದು ನಳದ ಕಡೆ ತಿರುಗಿದರು. ಆದರೂ ಪಾಠ ಹೇಳುವ ಚಟ ಬಿಡಲಿಲ್ಲ. "ನಮ್ಮ ಪುಸ್ತಕದಾಗ, ಮನುಷ್ಯ ಕುಡದು ಉಳಿಸಿದ ನೀರು ಶುದ್ಧ ಅಂತ ಅದ, ಅವ ಯಾವ ಧರ್ಮದವನರೆ ಇರ್ಲಿ. ನಿಮ್ಮ ಕಡೆ ಏನು ಬರದಾರೋ ನಂಗ ಗೊತ್ತಿಲ್ಲ."

ನಾಗವ್ವ ಕೈ ಚಾಚಿ, ಅವರು ತೊಳೆಯುವ ಮೊದಲೇ ಗ್ಲಾಸು ತೆಗೆದುಕೊಂಡರು. ಇದ್ದ ನೀರನ್ನು ಗಟಗಟ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ಮ ಶರಣರೂ ಅದನ್ನ ಹೇಳ್ಯಾರ್ರಿ" ಅಂದರು. "ನಾವ ಕೇಳಿದ್ದಿಲ್ಲ, ಅಷ್ಟ."